ಮಾಡಿಫೈ ಮಾಡಿದ ಸ್ವಿಫ್ಟ್‌ಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಟೈಮ್ ಬಂದಿದೆ, ಎಂಜಿನಿಯರ್ ಸರ್ಟಿಫಿಕೇಟ್ ಅಂತ ಏನಾದರೂ ಸಿಗುತ್ತಾ?

ನೀಲಿ ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ಅಪ್ಪನ ಹೆಸರಿನಲ್ಲಿರುವ ಸ್ವಿಫ್ಟ್ 1.3 ಪೆಟ್ರೋಲ್, ಕೆಎ-05 ನಂಬರ್. 15 ವರ್ಷ ತುಂಬಲು ಇನ್ನು ಎರಡು ತಿಂಗಳಿದೆ. ಕಾಲೇಜು ದಿನಗಳಲ್ಲಿ ನಾನು ಅದಕ್ಕೆ ಮಾಡಬಾರದ್ದೆಲ್ಲ ಮಾಡಿದ್ದೇನೆ: ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸಿದ್ದು, ಜೋರು ಸದ್ದಿನ ಫ್ರೀ ಫ್ಲೋ ಸೈಲೆನ್ಸರ್, 15 ಇಂಚಿನ ಅಲಾಯ್ ಚಕ್ರ, ಮೇಲಿಂದ ಸಿಲ್ವರ್ ಇದ್ದದ್ದನ್ನು ನೀಲಿ ಮಾಡಿಸಿದ್ದು. ಆರ್‌ಸಿಯಲ್ಲಿ ಇನ್ನೂ ಸಿಲ್ವರ್ ಅಂತಲೇ ಇದೆ. ಎಂಜಿನ್ ಬೇರೆ ಹೊಗೆ ಬಿಡುತ್ತಿದೆ, ಗುಜರಿಯಲ್ಲಿ ಒಂದು ಎಂಜಿನ್ ನೋಡಿಟ್ಟಿದ್ದೇನೆ.

ಮೆಲ್ಬರ್ನ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ತನ್ನ ಕಾರಿಗೆ ಟರ್ಬೊ ಹಾಕಿಸಿದ. ಒಬ್ಬ ಎಂಜಿನಿಯರ್ ನೋಡಿ ಸರ್ಟಿಫಿಕೇಟ್ ಕೊಟ್ಟರಂತೆ, ಗಾಡಿ ಲೀಗಲ್ ಆಯಿತಂತೆ. ಇಲ್ಲಿ ಹಾಗೆ ಯಾರಾದರೂ ಕೊಡುತ್ತಾರಾ? ಒಬ್ಬ ಏಜೆಂಟ್ "ನಾನು ನೋಡ್ಕೋತೀನಿ ಬಿಡಿ" ಅಂದ, ಯಾಕೋ ನಂಬಿಕೆ ಬರುತ್ತಿಲ್ಲ.

ಪೀಣ್ಯದವನು:
ಸರ್, ಕೊಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಿಮ್ಮ ತಮ್ಮ ಹೇಳಿದ್ದು ನಿಜ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ವಾಸ್ ಅಂತ ಒಂದು ಪದ್ಧತಿ ಇದೆ. ಸರ್ಕಾರ ಒಪ್ಪಿದ ಎಂಜಿನಿಯರ್‌ಗಳು ನಿಮ್ಮ ಒಂದೇ ಒಂದು ಕಾರನ್ನು ಪರೀಕ್ಷಿಸಿ ಸಹಿ ಹಾಕಬಹುದು. ಅದಕ್ಕೆ ವಿಎಸ್‌ಬಿ 14 ಅಂತ ದೊಡ್ಡ ನಿಯಮಾವಳಿಯೇ ಇದೆ. ರೋಡ್‌ವರ್ದಿ ಸರ್ಟಿಫಿಕೇಟ್ ಮತ್ತೆ ಬೇರೆ. ಅದು ಗಾಡಿ ಮಾರುವಾಗ ಬೇಕಾಗುವುದು, 30 ದಿನ ನಡೆಯುತ್ತೆ, ಬ್ರೇಕ್, ಸ್ಟೀರಿಂಗ್, ಟೈರ್, ದೀಪ ಸವೆದಿದೆಯಾ ಅಂತ ನೋಡುವುದು. ಇವೆರಡನ್ನೂ ಅಲ್ಲಿನವರೇ ಗೊಂದಲ ಮಾಡಿಕೊಳ್ಳುತ್ತಾರೆ.

ನಮ್ಮಲ್ಲಿ ಮೊದಲಿನದು, ಅಂದರೆ ಒಂದೇ ಕಾರಿಗೆ ಎಂಜಿನಿಯರ್ ಸಹಿ ಹಾಕುವ ಬಾಗಿಲೇ ಇಲ್ಲ. ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಯವರು ಸಿಎನ್‌ಜಿ ಕಿಟ್‌ಗೆ, ಇವಿ ಕಿಟ್‌ಗೆ ಒಪ್ಪಿಗೆ ಕೊಡುತ್ತಾರೆ. ಅದಕ್ಕೆ ಅರ್ಜಿ ಹಾಕುವುದು ಕಿಟ್ ಮಾಡುವ ಕಂಪನಿ, ನಿಮ್ಮ ನನ್ನಂಥವರಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಷನ್‌ಗೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಮಾಲೀಕ ಏನೂ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಇನ್ನೂ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು: ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಿಮ್ಮದನ್ನು ಎಣಿಸಿ ನೋಡಿ.

ಹಾಗಾಗಿ ಯಾವುದೋ ಎಂಜಿನಿಯರ್ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ಅದು ಸುಮ್ನೆ ಪೇಪರ್ ಅಷ್ಟೇ.

ಗ್ಯಾರೇಜ್ ಮಾಮ:
ಕಾನೂನು ಅವರು ಹೇಳಿದರು, ಕೆಲಸದ ಮಾತು ನಾನು ಹೇಳುತ್ತೇನೆ.

ಮೊದಲು ಸ್ಪ್ರಿಂಗ್. ಗುರು, ಕತ್ತರಿಸಿದ ಸ್ಪ್ರಿಂಗ್ ಹಾಕಿಕೊಂಡು ಬೆಂಗಳೂರಿನ ಹಂಪ್‌ಗಳ ಮೇಲೆ ಇಷ್ಟು ವರ್ಷ ಹೇಗೆ ಓಡಿಸಿದಿರೋ! ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಡಸಾಗುತ್ತೆ, ಶಾಕ್ ಅಬ್ಸಾರ್ಬರ್‌ಗೆ ಆಡುವ ಜಾಗ ಇರಲ್ಲ, ಚಕ್ರ ಗಾಳಿಯಲ್ಲಿ ಜೋತುಬಿದ್ದಾಗ ಸ್ಪ್ರಿಂಗ್ ತಾನು ಕೂರುವ ಜಾಗದಿಂದ ಸರಿದುಹೋಗಬಹುದು. ಎಫ್‌ಸಿ ಇರಲಿ ಬಿಡಲಿ, ಇದನ್ನು ನಾಳೆಯೇ ಬಿಚ್ಚಿಸಿ. ಹೊಸ ಒರಿಜಿನಲ್ ಸ್ಪ್ರಿಂಗ್, ನಾಲ್ಕಕ್ಕೆ ನಾಲ್ಕೂ.

ಸೈಲೆನ್ಸರ್ ಕೂಡ ಸ್ಟಾಕ್, ಅಂದರೆ ಕಂಪನಿಯದ್ದೇ ಹಾಕಿಸಿ. ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಗೊತ್ತಾಗುವುದು ಅದೇ.

ಅಲಾಯ್‌ಗೆ ಟೈರ್ ಯಾವ ಸೈಜ್ ಹಾಕಿದ್ದೀರಿ? 195/60 ಆರ್15 ಆದರೆ ಹೊರಸುತ್ತಿನ ಅಡ್ಡಳತೆ ಸುಮಾರು 615 ಮಿಮೀ, 14 ಇಂಚಿನ ರಿಮ್‌ಗೆ ಹಾಕುವ 185/70 ಆರ್14 ಕೂಡ ಅಷ್ಟೇ. ಸ್ಪೀಡೋ ತಪ್ಪು ತೋರಿಸಲ್ಲ. ಹಾಗಂತ ನಿಯಮದಲ್ಲಿ ರಿಯಾಯಿತಿ ಇದೆ ಅಂತ ಹೇಳುತ್ತಿಲ್ಲ. ಹಳೇ 14 ಇಂಚಿನ ರಿಮ್ ಇದ್ದರೆ ಅದನ್ನೇ ಹಾಕಿಕೊಂಡು ಹೋಗಿ, ತಲೆನೋವಿಲ್ಲ. ಟೈರ್ ಕಚ್ಚು 1.6 ಮಿಮೀಗಿಂತ ಕಡಿಮೆ ಇದ್ದರೆ ಹೊಸದು ಹಾಕಿಸಲೇಬೇಕು.

ಗುಜರಿ ಎಂಜಿನ್ ಮಾತ್ರ ಹುಷಾರು. ಅದೇ ಮಾದರಿಯ ಎಂಜಿನ್ ಆಗಿರಬೇಕು, ಬಿಲ್ ಬೇಕು, ಯಾವ ಗಾಡಿಯಿಂದ ಬಂತು ಅನ್ನುವ ದಾಖಲೆ ಬೇಕು. ಹೊಸ ಎಂಜಿನ್ ನಂಬರನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಗೆ ಸೇರಿಸಬೇಕು. ಕದ್ದ ಗಾಡಿಯ ಎಂಜಿನ್ ಅಂತ ಆಮೇಲೆ ಗೊತ್ತಾದರೆ ಸ್ಟೇಷನ್ ಮೆಟ್ಟಿಲು ಹತ್ತುವುದು ಅಪ್ಪ, ನೀವಲ್ಲ. ನನ್ನನ್ನು ಕೇಳಿದರೆ ಇರುವ ಎಂಜಿನ್ನನ್ನೇ ರೀಬೋರ್ (ಸವೆದ ಸಿಲಿಂಡರ್ ಕೊರೆದು ಸರಿಮಾಡುವುದು) ಮಾಡಿಸಿ. ನಂಬರ್ ಬದಲಾಗಲ್ಲ.

ಬನಶಂಕರಿ ಹುಡುಗಿ:
ಹೋದ ವರ್ಷ ನಮ್ಮ ಗಾಡಿದು ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಿದ್ದೆ. ಅವಧಿ ಮುಗಿಯುವ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು. ಫಾರ್ಮ್ 25, ಶುಲ್ಕ 5,000 ರೂಪಾಯಿ, ತಡ ಮಾಡಿದರೆ ತಿಂಗಳಿಗೆ 500 ಜಾಸ್ತಿ. ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿರಬೇಕು. ಚಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದುಕೊಂಡರು. ನಮ್ಮದು ತುಕ್ಕು ಹಿಡಿದು ನಂಬರೇ ಕಾಣುತ್ತಿರಲಿಲ್ಲ, ಎರಡು ಸಲ ಅಲೆದೆ. ಮನೆಯಲ್ಲೇ ಉಜ್ಜಿ ಕ್ಲೀನ್ ಮಾಡಿಕೊಂಡು ಹೋಗಿ. ಗಾಜಿಗೆ ಕಪ್ಪು ಫಿಲ್ಮ್ ಇದ್ದರೆ ಅದನ್ನೂ ಕೀಳಿ.

ಬಣ್ಣಕ್ಕೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಆರ್‌ಸಿಯಲ್ಲಿ ಬದಲಾವಣೆ. ನೀವು ಉಲ್ಟಾ ಮಾಡಿದ್ದೀರಿ, ಹೋಗಿ ನೇರವಾಗಿ ಹೇಳಿ. ಎಫ್‌ಸಿ ದಿನ ನೀಲಿ ಗಾಡಿ ತಂದು ಸಿಲ್ವರ್ ಆರ್‌ಸಿ ಕೊಟ್ಟರೆ ಅವರು ವಾಪಸ್ ಕಳಿಸದೆ ಇನ್ನೇನು ಮಾಡುತ್ತಾರೆ?

ಎಂಟನೇ ಮೈಲಿ:
ಇನ್ಶೂರೆನ್ಸ್ ಯಾರೂ ಸರಿಯಾಗಿ ಹೇಳಲಿಲ್ಲ. ನಮ್ಮ ಭಾವ ಒಂದು ಗಾಡಿ ಗುದ್ದಿದಾಗ ಸರ್ವೇಯರ್ ಬಂದು ಫೋಟೋ ತೆಗೆದು ಸಸ್ಪೆನ್ಷನ್ ಬದಲಾಗಿದೆ ಅಂತ ಬರೆದರು. ಕ್ಲೇಮ್ ಏಳು ತಿಂಗಳು ಎಳೆದಾಡಿ ಕೊನೆಗೆ ಅರ್ಧವೂ ಬರಲಿಲ್ಲ. ಏಜೆಂಟ್ ಎಫ್‌ಸಿ "ನೋಡ್ಕೊಂಡ್ರೂ" ಸರ್ವೇಯರ್‌ನ ನೋಡ್ಕೊಳ್ಳಲ್ಲ, ಅಲ್ವಾ?

ನೀಲಿ ಸ್ವಿಫ್ಟ್:
ಎಲ್ಲರಿಗೂ ಥ್ಯಾಂಕ್ಸ್. ಏಜೆಂಟ್‌ಗೆ ಬೇಡ ಅಂತ ಹೇಳಿದೆ. ಸ್ಪ್ರಿಂಗ್‌ಗೆ ಆರ್ಡರ್ ಕೊಟ್ಟಿದ್ದೇನೆ, ಎಂಜಿನ್ ರೀಬೋರ್. 14 ಇಂಚಿನ ರಿಮ್ ಅಟ್ಟದ ಮೇಲೆ ಸಿಕ್ಕಿತು. ಸ್ಟಾಕ್ ಸೈಲೆನ್ಸರ್ ಮಾತ್ರ ಅಮ್ಮ ಯಾವತ್ತೋ ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟಿದ್ದಾರೆ.

ಗ್ಯಾರೇಜ್ ಮಾಮ:
ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹಳೇ 1.3 ಅಂತ ಬಿಡಿಸಿ ಹೇಳಿ, ಇಲ್ಲಾಂದ್ರೆ 1.2ದು ಕಟ್ಟಿಕೊಡುತ್ತಾರೆ.