ಉದ್ದುದ್ದ ಮೆಡಿಕಲ್ ಪದಗಳನ್ನು ಎಲ್ಲಿ ಬಿಡಿಸಬೇಕು?

ಜಿಎನ್‌ಎಂ ಮೊದಲ ವರ್ಷ:
ಎಲ್ಲರಿಗೂ ನಮಸ್ಕಾರ. ಕನ್ನಡ ಮೀಡಿಯಂನಲ್ಲಿ ಓದಿ ಈಗ ನರ್ಸಿಂಗ್ ಸೇರಿದ್ದೇನೆ. ನಿನ್ನೆ ಸರ್ಜಿಕಲ್ ವಾರ್ಡಿನಲ್ಲಿ ಕೇಸ್ ಶೀಟ್ ಓದು ಅಂದರು. ‘ಕೋಲಿಸಿಸ್ಟೆಕ್ಟಮಿ’ (cholecystectomy) ಅಂತ ಇತ್ತು. ನಾನು ‘ಚೋಲೆ’ ಅಂತ ಶುರು ಮಾಡಿ ಅಲ್ಲೇ ನಿಂತೆ. ರಾತ್ರಿ ಸ್ಪೆಲಿಂಗ್ 20 ಸಲ ಬರೆದೆ. ಬೆಳಿಗ್ಗೆ ನೆನಪಿಲ್ಲ. ಇಂಥ ಪದ ಬಿಡಿಸಿ ಓದಬೇಕು ಅಂತಾರೆ. ಎಲ್ಲಿ ಬಿಡಿಸಬೇಕು?

ಸ್ಟಾಫ್ ನರ್ಸ್ ಅಕ್ಕ:
ತಂಗಿ, ಎರಡು ಸಲ ಬಿಡಿಸಬೇಕು. ಬಾಯಿಗೆ ಒಂದು ಸಲ, ಅರ್ಥಕ್ಕೆ ಒಂದು ಸಲ.

ಬಾಯಿಗಾದರೆ ಕೋ-ಲಿ-ಸಿಸ್-ಟೆಕ್-ಟ-ಮಿ. ಒತ್ತು ‘ಟೆಕ್’ ಮೇಲೆ. ಗ್ರೀಕ್‌ನಿಂದ ಬಂದ ಪದಗಳಲ್ಲಿ ‘ಸಿಎಚ್’ ಹೆಚ್ಚಾಗಿ ‘ಕ’ ಆಗುತ್ತದೆ. ಸ್ಟಮಕ್, ಕ್ರಾನಿಕ್ ಇದೆಯಲ್ಲ, ಹಾಗೆ.

ಅರ್ಥಕ್ಕಾದರೆ ಮೂರೇ ತುಂಡು. ಕೋಲಿ ಅಂದರೆ ಪಿತ್ತ, ಸಿಸ್ಟ್ ಅಂದರೆ ಚೀಲ, ಎಕ್ಟಮಿ ಅಂದರೆ ಕತ್ತರಿಸಿ ತೆಗೆಯುವುದು. ಮೊದಲೆರಡು ಸೇರಿಸಿ ನೋಡು, ನಮ್ಮ ಪಿತ್ತಕೋಶವೇ ಅಲ್ವಾ? ಬಾಯಲ್ಲಿ ಹೇಳುವಾಗ ಸಿಸ್ಟ್‌ನ ‘ಟ್’ ಮುಂದಿನ ತುಂಡಿಗೆ ಹೋಗಿಬಿಡುತ್ತದೆ. ಅದಕ್ಕೇ ಸುಮ್ನೆ ಕೇಳಿಸಿಕೊಂಡರೆ ಅರ್ಥ ಹೊಳೆಯುವುದಿಲ್ಲ.

ಪದದ ಬಾಲ, ಅಂದರೆ ಕೊನೆಯ ತುಂಡು, ಮೊದಲು ನೋಡುವ ರೂಢಿ ಮಾಡಿಕೋ. ಕೊಲೆಕ್ಟಮಿ ಅಂದರೆ ದೊಡ್ಡ ಕರುಳನ್ನೋ ಅದರ ಭಾಗವನ್ನೋ ತೆಗೆದಿದ್ದಾರೆ. ಕೊಲಾಸ್ಟಮಿ ಅಂದರೆ ಹೊಟ್ಟೆಯ ಮೇಲೆ ರಂಧ್ರ ಮಾಡಿ ಕರುಳಿಗೆ ದಾರಿ ಕೊಟ್ಟಿದ್ದಾರೆ. ಇಬ್ಬರ ಆರೈಕೆ ಬೇರೆ ಬೇರೆ. ಹೈಪರ್‌ಗ್ಲೈಸೀಮಿಯಾ, ಹೈಪೋಗ್ಲೈಸೀಮಿಯಾ ಇನ್ನೂ ಜೋಪಾನ, ಇಲ್ಲಿ ಬಾಲ ಒಂದೇ, ತಲೆ ಬೇರೆ. ಹೈಪರ್ ಅಂದರೆ ರಕ್ತದ ಸಕ್ಕರೆ ಏರಿದೆ, ಹೈಪೋ ಅಂದರೆ ಇಳಿದಿದೆ. ಕೈಬರಹ ಅನುಮಾನ ಬಂದರೆ ನಾಚಿಕೆ ಬೇಡ, ಕೇಳಿಯೇ ಮುಂದೆ ಹೋಗು.

ನಿವೃತ್ತ ಕನ್ನಡ ಮೇಷ್ಟ್ರು:
ನೋಡಮ್ಮ, ನೀನು ಶಾಲೆಯಲ್ಲಿ ಸಂಧಿ ಬಿಡಿಸಿದವಳು. ಮನೆ + ಅನ್ನು ಸೇರಿದರೆ ನಡುವೆ ‘ಯ’ ಬರುತ್ತದೆ, ಮನೆಯನ್ನು. ಊರು + ಅಲ್ಲಿ ಸೇರಿದರೆ ‘ಉ’ ಬಿಟ್ಟುಹೋಗುತ್ತದೆ, ಊರಲ್ಲಿ. ನನಗೆ ಗ್ಯಾಸ್ಟ್ರೈಟಿಸ್ ಆದಾಗ ಡಾಕ್ಟರ ಚೀಟಿಯಲ್ಲಿ ಇಂಥದ್ದನ್ನೇ ಕಂಡೆ. ಗ್ಯಾಸ್ಟ್ರ್ ಜಠರ, ಐಟಿಸ್ ಉರಿಯೂತ. ನಡುವೆ ‘ಓ’ ಇಲ್ಲ. ಕರುಳೂ ಸೇರಿದರೆ ಗ್ಯಾಸ್ಟ್ರೋಎಂಟರೈಟಿಸ್. ಎರಡು ಅಂಗಗಳನ್ನು ಜೋಡಿಸಲು ‘ಓ’ ಬಂತು.

ಜಿಎನ್‌ಎಂ ಮೊದಲ ವರ್ಷ:
ಅಕ್ಕಾ, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಇವತ್ತು ‘ಆಸ್ಟಿಯೋಮೈಲೈಟಿಸ್’ ಬಂತು. ಬಾಲದ ‘ಐಟಿಸ್’ ಉರಿಯೂತ, ತಲೆಯ ‘ಆಸ್ಟಿಯೋ’ ಮೂಳೆ. ನಡುವಿನ ‘ಮೈಲ್’ ಮಜ್ಜೆಯಾ?

ಸ್ಟಾಫ್ ನರ್ಸ್ ಅಕ್ಕ:
ಹೌದು, ಮಜ್ಜೆ. ಆದರೆ ಪೋಲಿಯೋಮೈಲೈಟಿಸ್‌ನಲ್ಲಿ ಅದೇ ‘ಮೈಲ್’ ಬೆನ್ನುಹುರಿ. ಎರಡನ್ನೂ ಒಂದೇ ಪುಟದಲ್ಲಿ ಬರೆದಿಟ್ಟುಕೋ.