ಬೆಟ್ಟಿಂಗ್ ಬಿಟ್ಟರೆ ಕುದುರೆ ರೇಸ್‌ನಲ್ಲಿ ನೋಡೋಕೆ ಏನಿದೆ?

ಅರೆಮನಸ್ಸು:
ನನ್ನ ಮೈದುನನಿಗೆ ಕುದುರೆ ರೇಸ್ ಹುಚ್ಚು. ದುಡ್ಡು ಕಟ್ಟೋ ಅಭ್ಯಾಸ ಇಲ್ಲ, ಅದು ನಮ್ಮ ಪುಣ್ಯ. ಆದರೆ ಎಲ್ಲೆಲ್ಲಿಯದೋ ರೇಸನ್ನ ಸರಿರಾತ್ರಿಯಲ್ಲಿ ಎದ್ದು ಕೂತು ನೋಡ್ತಾನೆ. ಎರಡು ನಿಮಿಷದ ಓಟಕ್ಕೆ ಅರ್ಧ ಗಂಟೆ ಮುಂಚೆಯೇ ಹಾಜರ್. ನಾನೂ ಎರಡು ಮೂರು ಸಲ ಪಕ್ಕ ಕೂತು ನೋಡಿದೆ. ಬಣ್ಣಬಣ್ಣದ ಅಂಗಿಯವರು ಗುಂಪಾಗಿ ಹೋದರು, ಗುಂಪಾಗಿ ಬಂದರು, ಯಾರೋ ಗೆದ್ದರು. ಇವನು ಮಾತ್ರ ಸೋಫಾದಿಂದ ಎದ್ದು ನಿಂತು "ನೋಡಿದ್ರಾ ಅತ್ತಿಗೆ, ನೋಡಿದ್ರಾ!" ಅಂತಾನೆ. ಏನು ನೋಡಬೇಕಿತ್ತು ಅಂತ ಕೇಳಿದರೆ ಹೇಳೋಕೆ ಬರಲ್ಲ ಅವನಿಗೆ. ಇಲ್ಲಿ ಯಾರಾದರೂ ರೇಸ್ ಪ್ರಿಯರಿದ್ದರೆ ಹೇಳಿ, ದುಡ್ಡಿನ ವಿಷಯ ಬಿಟ್ಟು, ಇದರಲ್ಲಿ ನಿಮಗೆ ಸಿಗೋ ಖುಷಿ ಯಾವುದು?

ಗುಂಡುಸೂಜಿ:
ದುಡ್ಡಿನ ವಿಷಯ ಬಿಟ್ಟರೆ ಏನೂ ಇಲ್ಲ. ಬೆಟ್ಟಿಂಗ್ ನಿಲ್ಲಿಸಿ ನೋಡಿ, ಮಾರನೇ ದಿನ ಸ್ಟ್ಯಾಂಡೆಲ್ಲ ಖಾಲಿ. ನಿಮ್ಮ ಮೈದುನನ ಫೋನು ಒಂದ್ಸಲ ಚೆಕ್ ಮಾಡಿ :)

ಹಳೇ ಜೀನು:
ಗುಂಡುಸೂಜಿಯವರ ಮಾತು ಅರ್ಧ ನಿಜ. ಬೆಟ್ಟಿಂಗ್ ದುಡ್ಡಿಲ್ಲದೆ ಈ ಉದ್ಯಮ ನಡೆಯಲ್ಲ. ಆದರೆ ಉದ್ಯಮ ನಡೆಸೋದು ಬೇರೆ, ಓಟ ನೋಡೋದು ಬೇರೆ.

ನಾನು ಚಿಕ್ಕವನಿದ್ದಾಗ ಲಾಯದಲ್ಲಿ ಕೆಲಸಕ್ಕಿದ್ದೆ. ಬೆಳಗಿನ ಜಾವ ಟ್ರ್ಯಾಕ್ ಮೇಲೆ ಕುದುರೆ ಓಡಿಸೋ ಕೆಲಸ. ಜಾಕಿ ಆಗಬೇಕು ಅಂತಲೇ ಸೇರಿದ್ದು, ಮೈ ಕೇಳಲಿಲ್ಲ, ಎತ್ತರ ತೂಕ ಎರಡೂ ಜಾಸ್ತಿ ಆಯ್ತು. ಹಾಗಾಗಿ ನಾನು ಹೇಳೋದು ಜೀನಿನ ಮೇಲಿಂದ ನೋಡಿದ ಮಾತು. ಬೆಟ್ ನಾನೂ ಕಟ್ಟಲ್ಲ.

ಅತ್ತಿಗೆಯವರೇ, ನೀವು ನೋಡಿದ್ದು ಕೊನೇ ಗೆರೆಯನ್ನ. ಹೊಸಬರೆಲ್ಲ ಅದನ್ನೇ ನೋಡೋದು. ರೇಸ್ ಸಾಮಾನ್ಯವಾಗಿ ಅಲ್ಲಿಗೆ ಬರೋ ಹೊತ್ತಿಗೆ ತೀರ್ಮಾನ ಆಗಿಬಿಟ್ಟಿರುತ್ತೆ. 2022ರ ಕೆಂಟಕಿ ಡರ್ಬಿ ತಗೊಳ್ಳಿ, ಅಮೆರಿಕದ ದೊಡ್ಡ ಓಟ. ರಿಚ್ ಸ್ಟ್ರೈಕ್ ಅನ್ನೋ ಕುದುರೆಗೆ ಓಡೋ ಅವಕಾಶವೇ ಇರಲಿಲ್ಲ, ಹಿಂದಿನ ದಿನ ಇನ್ನೊಂದು ಕುದುರೆ ಹೊರಗೆ ಹೋಗಿದ್ದಕ್ಕೆ ಒಳಗೆ ಬಂತು. ಬೆಟ್ಟಿಂಗ್ ದರ 80ಕ್ಕೆ 1, ಅಂದರೆ ಅದು ಗೆಲ್ಲುತ್ತೆ ಅಂತ ಹೆಚ್ಚುಕಡಿಮೆ ಯಾರೂ ನಂಬಿರಲಿಲ್ಲ. ಇಪ್ಪತ್ತು ಕುದುರೆಗಳಲ್ಲಿ ಕೊನೇ ಗುಂಪಲ್ಲಿ ಓಡ್ತಿದ್ದದ್ದು ಒಳಬೇಲಿಗೆ ಅಂಟಿಕೊಂಡು ಸಂದಿಯಲ್ಲಿ ತೂರಿಕೊಂಡು ಬಂದು ಗೆದ್ದೇಬಿಡ್ತು. ಎಲ್ಲರೂ ಪವಾಡ ಅಂದರು. ಆದರೆ ಮೊದಲ ಕಾಲು ಮೈಲಿಯ ಸಮಯ ನೋಡಿ: 21.78 ಸೆಕೆಂಡ್. ಆ ಡರ್ಬಿಯ ಚರಿತ್ರೆಯಲ್ಲೇ ಅಷ್ಟು ವೇಗದ ಶುರುವಾತು ಇರಲಿಲ್ಲ. ಹತ್ತು ಫರ್ಲಾಂಗ್ ಓಡಬೇಕಾದ ಕುದುರೆಗಳು ಎರಡು ಫರ್ಲಾಂಗ್‌ನಲ್ಲೇ ಉಸಿರು ಖರ್ಚು ಮಾಡಿಕೊಂಡಿದ್ದವು. ಆಗ ಮುಂದಿದ್ದ ಕುದುರೆ ಕೊನೆಗೆ ಇಪ್ಪತ್ತನೆಯದಾಗಿ ಬಂತು. ಗಡಿಯಾರ ನೋಡ್ತಿದ್ದವರಿಗೆ ಅರ್ಧ ದಾರಿಯಲ್ಲೇ ಗೊತ್ತಿತ್ತು, ಇವತ್ತು ಹಿಂದಿನಿಂದ ಯಾರೋ ಬರ್ತಾರೆ ಅಂತ. ಯಾರು ಅನ್ನೋದಷ್ಟೇ ಗೊತ್ತಿರಲಿಲ್ಲ. ನಿಮ್ಮ ಮೈದುನ ಎದ್ದು ನಿಲ್ಲೋದು ಇಂಥ ಹೊತ್ತಲ್ಲೇ ಇರಬೇಕು.

ಇದರ ಇನ್ನೊಂದು ತುದಿ 1973ರ ಕೆಂಟಕಿ ಡರ್ಬಿ. ಸೆಕ್ರೆಟೇರಿಯಟ್ ಅನ್ನೋ ಕುದುರೆ. ಸಾಮಾನ್ಯ ಕುದುರೆ ಓಡ್ತಾ ಓಡ್ತಾ ನಿಧಾನ ಆಗುತ್ತೆ. ಕೊನೆಗೆ ಜೋರಾಗಿ ಬಂದ ಹಾಗೆ ಕಾಣೋದು ಉಳಿದವು ಇನ್ನೂ ನಿಧಾನ ಆಗಿರೋದರಿಂದ. ಇದು ಮಾತ್ರ ಓಟದ ಐದೂ ಭಾಗಗಳನ್ನ, ಒಂದೊಂದೂ ಕಾಲು ಮೈಲಿ, ಒಂದಕ್ಕಿಂತ ಒಂದು ಜೋರಾಗಿ ಓಡಿತು. ಕೊನೆಯ ಕಾಲು ಮೈಲಿ 23 ಸೆಕೆಂಡ್, ಮೊದಲನೆಯದಕ್ಕೆ 25ರ ಮೇಲೆ ಹಿಡಿದಿತ್ತು. ಅಂಥ ಕುದುರೆ ಮೇಲೆ ಕೂತವನಿಗೆ ಹೇಗನ್ನಿಸಿರಬಹುದು ಅಂತ ನಾನು ಈಗಲೂ ಯೋಚಿಸ್ತೀನಿ. ನಾನು ಹತ್ತಿದ ಕುದುರೆಗಳೆಲ್ಲ ಏಳನೇ ಫರ್ಲಾಂಗ್‌ಗೆ ಬಂದಾಗ ಲಗಾಮಿನಲ್ಲೇ ಸುಸ್ತು ತಿಳಿಸ್ತಿದ್ದವು, ಎಳೆತ ಸಡಿಲ ಆಗಿಬಿಡ್ತಿತ್ತು.

ಒಂದು ಮಾತು ಸೇರಿಸ್ತೀನಿ. ಆ ವರ್ಷದ ಬೆಲ್ಮಾಂಟ್ ಓಟವನ್ನ ಸೆಕ್ರೆಟೇರಿಯಟ್ 31 ಲೆಂತ್‌ಗಳಿಂದ ಗೆದ್ದಿದ್ದು ಎಲ್ಲರಿಗೂ ಗೊತ್ತು, ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ. ನಾನು ಆ ಓಟ ಹಾಕಿಕೊಂಡಾಗ ನೋಡೋದು ಶ್ಯಾಮ್ ಅನ್ನೋ ಕುದುರೆಯನ್ನ. ಡರ್ಬಿಯಲ್ಲೂ ಅಲ್ಲಿನ ಇನ್ನೊಂದು ದೊಡ್ಡ ಓಟ ಪ್ರೀಕ್‌ನೆಸ್‌ನಲ್ಲೂ ಎರಡನೆಯದಾಗಿ ಬಂದಿತ್ತು. ಬೇರೆ ಯಾವ ವರ್ಷ ಹುಟ್ಟಿದ್ದರೂ ಅದರ ಹೆಸರು ದೊಡ್ಡದಾಗ್ತಿತ್ತು. ಬೆಲ್ಮಾಂಟ್‌ನಲ್ಲಿ ಅದು ಸೆಕ್ರೆಟೇರಿಯಟ್‌ನ ಕತ್ತಿಗೆ ಕತ್ತು ಕೊಟ್ಟು ಓಡಿತು, ಓಡಲಾಗದಷ್ಟು ಓಡಿ ಎಲ್ಲರಿಗಿಂತ ಕೊನೆಗೆ ಬಂತು. ಮತ್ತೆ ಯಾವತ್ತೂ ಓಡಲಿಲ್ಲ. ಗೆದ್ದವರನ್ನ ನೋಡೋಕೆ ಲೋಕವೇ ಇದೆ, ರೇಸ್ ಹುಚ್ಚಿರೋರು ಸೋತ ಕುದುರೆಗಳನ್ನ ನೆನಪಿಟ್ಟುಕೊಳ್ತಾರೆ. ನಾನಂತೂ ಹಾಗೆ.

ಅರೆಮನಸ್ಸು:
ಥ್ಯಾಂಕ್ಸ್ ಸರ್. ಮೈದುನನಿಗೆ ಓದಿ ಹೇಳಿದೆ, "ಇದೇ ಇದೇ" ಅಂತ ಕುಣಿದ. ಆದರೆ ಓಟಕ್ಕೆ ಮುಂಚೆ ಕುದುರೆಗಳನ್ನ ಗೋಲಾಕಾರವಾಗಿ ಸುತ್ತು ಹಾಕಿಸ್ತಾರಲ್ಲ, ಅದನ್ನೂ ಇವನು ಕಣ್ಣು ಮಿಟುಕಿಸದೆ ನೋಡ್ತಾನೆ. ಸುಮ್ಮನೆ ನಡೆಯೋ ಕುದುರೆಯಲ್ಲಿ ಏನು ಕಾಣುತ್ತೆ?

ಹಳೇ ಜೀನು:
ಪ್ಯಾಡಕ್ ಅದು. ನನ್ನ ಕೇಳಿದರೆ ಇಡೀ ದಿನದಲ್ಲಿ ಅದೇ ಚೆಂದ.

ಎಲ್ಲವನ್ನೂ ನೋಡಬೇಡಿ, ತಲೆ ಕೆಡುತ್ತೆ. ಒಂದು ಕುದುರೆ ಆರಿಸಿಕೊಳ್ಳಿ. ನಡಿಗೆ ನೋಡಿ: ಹಿಂಗಾಲಿನ ಗೊರಸು ಮುಂಗಾಲಿನ ಗುರುತು ದಾಟಿ ಬೀಳ್ತಿದ್ದರೆ ಮೈ ಸಡಿಲವಾಗಿದೆ ಅಂತ. ಹಿಡಿದುಕೊಂಡ ಸೈಸ್‌ನ, ಅಂದರೆ ಕುದುರೆ ನೋಡಿಕೊಳ್ಳೋ ಆಳಿನ, ಕೈ ನೋಡಿ, ಆರಾಮಾಗಿದ್ದಾನೋ ಜಗ್ಗಾಡ್ತಿದ್ದಾನೋ. ಕಿವಿ ಆ ಕಡೆ ಈ ಕಡೆ ಆಡ್ತಿದ್ದರೆ ಒಳ್ಳೇದು. ತೊಡೆ ಸಂದಿಯಲ್ಲಿ ಬೆವರು ನೊರೆ ಆಗಿ ಬಿಳಿ ಕಟ್ಟಿದ್ದರೆ ಅದು ಓಡೋಕೆ ಮುಂಚೆಯೇ ಗಾಬರಿಯಲ್ಲಿ ಒಂದು ಓಟ ಮುಗಿಸಿದೆ ಅಂದುಕೊಳ್ಳಿ. ಬಿಸಿಲಿದ್ದ ದಿನ ಈ ಲೆಕ್ಕ ಹಿಡಿಯಲ್ಲ. ಕೆಲವು ಕುದುರೆಗಳು ಹೀಗೇ ಇದ್ದೂ ಗೆಲ್ತವೆ, ಅವುಗಳ ಹಳೇ ಓಟ ನೋಡಿದವರಿಗಷ್ಟೇ ಗೊತ್ತು.

ಆಮೇಲೆ ಅದೇ ಕುದುರೆಯನ್ನ ಓಟದಲ್ಲಿ ಹಿಂಬಾಲಿಸಿ. ನಾಗಾಲೋಟದಲ್ಲಿ ಒಂದು ದಾಪಿಗೆ ಒಂದೇ ಉಸಿರು. ಬಾಯಿಂದ ಉಸಿರಾಡೋಕೆ ಕುದುರೆಗೆ ಆಗಲ್ಲ, ಮೂಗೊಂದೇ ದಾರಿ. ಅದಕ್ಕೇ ಓಡ್ತಿರೋ ಕುದುರೆ ಪಕ್ಕ ಇದ್ದರೆ ಗೊರಸಿನ ಸದ್ದಿಗೆ ತಾಳ ಹಾಕಿದಂತೆ ಬುಸ್ ಬುಸ್ ಕೇಳೋದು. ಇನ್ನೊಂದು, ಎರಡು ಮುಂಗಾಲಲ್ಲಿ ಒಂದು ಯಾವಾಗಲೂ ಇನ್ನೊಂದಕ್ಕಿಂತ ಮುಂದೆ ಬೀಳುತ್ತೆ. ಎಡಕ್ಕೆ ತಿರುಗೋವಾಗ ಎಡಗಾಲು ಮುಂದೆ. ತಿರುವು ಮುಗಿದು ನೇರ ದಾರಿ ಸಿಕ್ಕ ಕೂಡಲೇ ಬಲಗಾಲಿಗೆ ಬದಲಾಯಿಸಬೇಕು, ದಣಿದ ಕಾಲಿಗೆ ಬಿಡುವು. ಜಾಣ ಕುದುರೆ ತಾನಾಗೇ ಬದಲಾಯಿಸುತ್ತೆ, ಆ ಕ್ಷಣ ಹೊಸ ಹುರುಪು ಬಂದಹಾಗೆ ಮುಂದಕ್ಕೆ ಚಿಮ್ಮುತ್ತೆ. ಬದಲಾಯಿಸದೆ ಹಾಗೇ ಎಳೆದುಕೊಂಡು ಬಂದರೆ ಹಿಂದಿನವರಿಗೆ ಸಿಕ್ಕಿಬೀಳೋದು ಹೆಚ್ಚು. ಒಂದು ಸಲ ಇದು ಕಣ್ಣಿಗೆ ಬಿತ್ತು ಅಂದರೆ ಆಮೇಲೆ ನೀವು ಬೇಡ ಅಂದರೂ ಕಾಣ್ತಾ ಇರುತ್ತೆ.

ಜಾಕಿಗಳ ಬಗ್ಗೆ ಬರೆಯೋಕೆ ಕೂತರೆ ರಾತ್ರಿ ಆಗುತ್ತೆ. ಅವರು ಜೀನಿನ ಮೇಲೆ ಕೂತಿರಲ್ಲ, ರಿಕಾಪಿನ ಮೇಲೆ ಬಾಗಿ ನಿಂತಿರ್ತಾರೆ, ಕುದುರೆಯ ಏರಿಳಿತವನ್ನೆಲ್ಲ ಮಂಡಿಯಲ್ಲೇ ನುಂಗಿಕೊಂಡು. ಮನೆಯಲ್ಲಿ ಹಾಗೆ ಎರಡು ನಿಮಿಷ ಬಾಗಿ ನಿಲ್ಲೋಕೆ ನಿಮ್ಮ ಮೈದುನನಿಗೆ ಹೇಳಿ.

ಮಳೆಬಿಲ್ಲು:
ಸೋತ ಕುದುರೆಗಳ ಮಾತು ಬಂತಲ್ಲ, ಜಪಾನಿನ ಹರು ಉರಾರಾಳನ್ನ ಬಿಡೋ ಹಾಗಿಲ್ಲ. 113 ಓಟ, ಒಂದೂ ಗೆಲುವಿಲ್ಲ. ಕೊಚಿ ಅನ್ನೋ ಸಣ್ಣ ರೇಸ್‌ಕೋರ್ಸ್ ಮುಚ್ಚೋ ಸ್ಥಿತಿಯಲ್ಲಿತ್ತು, ಇವಳ ಸೋಲಿನ ಸುದ್ದಿ ಹರಡಿ ಜನ ನುಗ್ಗಿದರು. 2004ರಲ್ಲಿ ಜಪಾನಿನ ಅತಿ ದೊಡ್ಡ ಜಾಕಿ ಯುಟಾಕ ಟಾಕೆಯನ್ನೇ ಇವಳ ಮೇಲೆ ಹತ್ತಿಸಿದರು. ಹನ್ನೊಂದರಲ್ಲಿ ಹತ್ತನೆಯದಾಗಿ ಬಂದಳು! ಜನ ಗೆದ್ದವಳಿಗೆ ಹೊಡೆಯೋ ಹಾಗೆ ಚಪ್ಪಾಳೆ ಹೊಡೆದರು. ಇವಳ ಟಿಕೆಟ್ಟನ್ನ ಅದೃಷ್ಟಕ್ಕೆ ಅಂತ ಇಟ್ಟುಕೊಳ್ತಿದ್ದರಂತೆ.

ನನಗಂತೂ ಇಷ್ಟ ಆಗೋದು ಕುದುರೆಗಳ ಸ್ವಭಾವ. ಜೆನ್ಯಾಟಾ ಅಂತ ಒಬ್ಬಳಿದ್ದಳು, ಓಟಕ್ಕೆ ಮುಂಚೆ ಮುಂಗಾಲು ಎತ್ತೆತ್ತಿ ಹಾಕಿ ಕುಣೀತಿದ್ದಳು. ಯಾವಾಗಲೂ ಎಲ್ಲರಿಗಿಂತ ಹಿಂದೆ ಉಳಿದು ಕೊನೆಗೆ ಬಂದು ಗೆಲ್ಲೋದು. 20 ಓಟದಲ್ಲಿ 19 ಗೆದ್ದಳು. 2010ರಲ್ಲಿ ಕೊನೇ ಓಟದಲ್ಲಿ ಒಂದು ತಲೆಯಷ್ಟು ಅಂತರದಲ್ಲಿ ಸೋತಳು. ಆ ದಿನ ನಾನು ಅತ್ತಿದ್ದೀನಿ, ನಗಬೇಡಿ.

ಗುಂಡುಸೂಜಿ:
ಅಳು ನಗು ಎಲ್ಲ ಸರಿ. ಕಾಲು ಮುರಿದ ಕುದುರೆಗೆ ಏನಾಗುತ್ತೆ ಅಂತ ಯಾರೂ ಬರೀಲಿಲ್ಲವಲ್ಲ? ಚಾವಟಿ?

ಹಳೇ ಜೀನು:
ಕೇಳಬೇಕಾದ ಪ್ರಶ್ನೆಯೇ. ಸುಮಾರು ಐನೂರು ಕಿಲೋ ಮೈ, ಕೆಳಗೆ ಕಡ್ಡಿಯಂಥ ಕಾಲು, ಗಂಟೆಗೆ 60 ಕಿಲೋಮೀಟರ್ ಮೇಲೆ ವೇಗ. ಮುರಿದರೆ ಎಷ್ಟೋ ಸಲ ಉಳಿಸೋಕೆ ಆಗಲ್ಲ. ಕುದುರೆಯನ್ನ ವಾರಗಟ್ಟಲೆ ಮಲಗಿಸಿ ಇಡೋ ಹಾಗಿಲ್ಲ, ಮೂರು ಕಾಲ ಮೇಲೆ ಭಾರ ಬಿದ್ದರೆ ಚೆನ್ನಾಗಿರೋ ಕಾಲಿನ ಗೊರಸೂ ಕೆಡುತ್ತೆ. ಇದನ್ನ ಬಚ್ಚಿಟ್ಟು ರೇಸ್ ಹೊಗಳೋದು ನನಗೆ ಇಷ್ಟ ಇಲ್ಲ. ಬದಲಾವಣೆ ನಿಧಾನವಾಗಿ ಬರ್ತಿದೆ. ನಾರ್ವೆಯಲ್ಲಿ ಚಾವಟಿಗೆ 1982ರಿಂದಲೇ ಕಡಿವಾಣ. ಇಂಗ್ಲೆಂಡಿನ ಬೇಲಿ ಹಾರೋ ದೊಡ್ಡ ಓಟ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 40 ಕುದುರೆ ಓಡ್ತಿದ್ದದ್ದನ್ನ 2024ರಿಂದ 34ಕ್ಕೆ ಇಳಿಸಿದ್ದಾರೆ. ಸಾಕಾ ಅಂದರೆ, ಸಾಲದು. ಬಿದ್ದ ಕುದುರೆಯ ಸುತ್ತ ಹಸಿರು ಪರದೆ ಎಳೆದಾಗ ನಾನು ಟಿವಿ ಆರಿಸ್ತೀನಿ. ಆಮೇಲೆ ಮುಂದಿನ ವಾರ ಮತ್ತೆ ನೋಡ್ತೀನಿ. ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ.

ಅರೆಮನಸ್ಸು:
ಗುಂಡುಸೂಜಿಯವರು ಕೇಳಿದ್ದೂ ಒಳ್ಳೇದಾಯ್ತು, ನನ್ನ ಮನಸ್ಸಲ್ಲೂ ಅದಿತ್ತು. ಸರ್, ಕೊನೇ ಪ್ರಶ್ನೆ. ಹೊಸಬಳು ನಾನು, ಒಂದೇ ಒಂದು ಹಳೇ ಓಟ ನೋಡು ಅಂದರೆ ಯಾವುದು ಹೇಳ್ತೀರಿ?

ಹಳೇ ಜೀನು:
1973ರ ಗ್ರ್ಯಾಂಡ್ ನ್ಯಾಷನಲ್, ಎಯಿನ್‌ಟ್ರೀ ರೇಸ್‌ಕೋರ್ಸ್. ಎರಡನೇ ಮಾತಿಲ್ಲ.

ನೋಡೋಕೆ ಮುಂಚೆ ಹ್ಯಾಂಡಿಕ್ಯಾಪ್ ಅಂದರೆ ಏನು ಅಂತ ತಿಳಿದುಕೊಳ್ಳಿ. ಒಳ್ಳೇ ಕುದುರೆಗೆ ಹೆಚ್ಚು ಭಾರ ಹೊರಿಸ್ತಾರೆ, ಸಾಧಾರಣದ್ದಕ್ಕೆ ಕಡಿಮೆ. ಲೆಕ್ಕ ಸರಿಯಾಗಿದ್ದರೆ ಎಲ್ಲವೂ ಒಟ್ಟಿಗೆ ಗೆರೆ ಮುಟ್ಟಬೇಕು. ಭಾರ ಕಡಿಮೆ ಬಿದ್ದರೆ ಜೀನಿನ ಕೆಳಗೆ ಸೀಸದ ತುಂಡು ಇಡ್ತಾರೆ, ಓಟ ಮುಗಿದ ಮೇಲೆ ಜಾಕಿಯನ್ನ ಮತ್ತೆ ತೂಗ್ತಾರೆ. ಅಂಕಗಣಿತದಿಂದ ಸಮಾನತೆ ತರೋ ಇಂಥ ಹುಚ್ಚು ಸಾಹಸ ಬೇರೆ ಯಾವ ಆಟದಲ್ಲಿದೆ ಹೇಳಿ. ಚಾಂಪಿಯನ್ನರ ಓಟಕ್ಕಿಂತ ನನಗೆ ಹ್ಯಾಂಡಿಕ್ಯಾಪೇ ಇಷ್ಟ.

ಆ ದಿನ ಕ್ರಿಸ್ಪ್ ಅನ್ನೋ ದೊಡ್ಡ ಕುದುರೆ ಹೊತ್ತಿದ್ದು 12 ಸ್ಟೋನ್, ಅಂದರೆ 76 ಕಿಲೋ. ರೆಡ್ ರಮ್ ಅದಕ್ಕಿಂತ 23 ಪೌಂಡ್ ಕಡಿಮೆ, ಹತ್ತು ಕಿಲೋ ವ್ಯತ್ಯಾಸ. ಏಳು ಕಿಲೋಮೀಟರ್ ಮೇಲೆ ದೂರ, ಮೂವತ್ತು ಬೇಲಿ. ಕ್ರಿಸ್ಪ್ ಅವನ್ನೆಲ್ಲ ಆಟಕ್ಕೆ ಹಾರಿದ ಹಾಗೆ ಹಾರಿ ಇಪ್ಪತ್ತು ಲೆಂತ್ ಮುಂದೆ ಹೋಗಿಬಿಡ್ತು. ಕೊನೇ ಬೇಲಿ ಆದಮೇಲೆ ಉದ್ದದ ಹುಲ್ಲುದಾರಿ. ಅಲ್ಲಿ ಕಾಲು ಸೋತಿತು. ತೂರಾಡ್ತಾ ಬರ್ತಿದೆ, ಹಿಂದಿನಿಂದ ರೆಡ್ ರಮ್ ಒಂದೊಂದೇ ಲೆಂತ್ ನುಂಗ್ತಾ ಇದೆ. ಗೆರೆ ಹತ್ತಿರ ಮುಕ್ಕಾಲು ಲೆಂತ್‌ನಲ್ಲಿ ಸೋಲು. ಸೋತ ಕ್ರಿಸ್ಪ್ ಕೂಡ ಹಳೇ ದಾಖಲೆ ಮುರಿದಿತ್ತು.

ಅದೇ ವರ್ಷ ನವೆಂಬರ್‌ನಲ್ಲಿ ಡಾನ್‌ಕಾಸ್ಟರ್‌ನಲ್ಲಿ ಎರಡೂ ಸಮ ತೂಕದಲ್ಲಿ ಎದುರಾದವು. ಕ್ರಿಸ್ಪ್ ಎಂಟು ಲೆಂತ್‌ಗಳಿಂದ ಗೆದ್ದಿತು. ಹಾಗಂತ ರೆಡ್ ರಮ್ ಅನ್ನ ಕಡೆಗಣಿಸಬೇಡಿ. ಮುಂದಿನ ವರ್ಷ ಅದೇ 12 ಸ್ಟೋನ್ ತಾನು ಹೊತ್ತುಕೊಂಡು ನ್ಯಾಷನಲ್ ಗೆದ್ದಿತು, 1977ರಲ್ಲಿ ಮೂರನೇ ಸಲ.

ಅರೆಮನಸ್ಸು:
ನೋಡಿದ್ವಿ, ಇಬ್ಬರೂ. ಕೊನೇ ಬೇಲಿ ದಾಟಿದ ಮೇಲೆ ನಾನೇ ಎದ್ದು ನಿಂತಿದ್ದೆ. ಈಗ ಮನೆಯಲ್ಲಿ ಜಗಳ. ಮೈದುನ ಹೇಳ್ತಾನೆ, ತಪ್ಪೆಲ್ಲ ಕ್ರಿಸ್ಪ್‌ನ ಜಾಕಿದು, ಚಾವಟಿಗೆ ಕೈ ಹಾಕದೆ ಎರಡೂ ಕೈಯಲ್ಲಿ ಲಗಾಮು ಹಿಡಿದಿದ್ದರೆ ಕುದುರೆ ಎಡಕ್ಕೆ ಓಲಾಡ್ತಿರಲಿಲ್ಲ, ಗೆದ್ದಿರ್ತಿತ್ತು ಅಂತ. ನಾನು ಹೇಳೋದು, ಅಷ್ಟು ಭಾರ ಹೊರಿಸಿದವರದ್ದೇ ತಪ್ಪು.

ಹಳೇ ಜೀನು:
ಜಾಕಿ ರಿಚರ್ಡ್ ಪಿಟ್‌ಮನ್ ತಾವೇ ಆಮೇಲೆ ಅದನ್ನೇ ಹೇಳಿಕೊಂಡಿದ್ದಾರೆ, ಹಾಗಾಗಿ ನಿಮ್ಮ ಮೈದುನನ ಕಡೆಗೆ ಒಂದು ಸಾಕ್ಷಿ ಇದೆ. ನಾನು ಮಾತ್ರ ನಿಮ್ಮ ಪಕ್ಷ. ಹತ್ತು ಕಿಲೋ ಹೆಚ್ಚು ಹೊತ್ತು ಮೂವತ್ತು ಬೇಲಿ ಹಾರಿದ ಕುದುರೆಗೆ ಕೊನೆಯ ನೂರು ಗಜದಲ್ಲಿ ಯಾವ ಕೈ ಎಲ್ಲಿತ್ತು ಅನ್ನೋದು ದೊಡ್ಡ ವಿಷಯ ಅಲ್ಲ. ಇನ್ನೊಂದ್ಸಲ ಹಾಕಿ ನೋಡಿ, ಈ ಸಲ ಕೊನೇ ಎರಡು ಬೇಲಿಯಲ್ಲಿ ಅದು ಇಳಿಯೋ ರೀತಿ ಗಮನಿಸಿ, ಆಮೇಲೆ ಅವನ ಹತ್ತಿರ ವಾದ ಮಾಡಿ.