‘ದಿನಚರಿ’ ಎಂದರೆ ದಿನನಿತ್ಯದ ರೂಢಿಯೋ, ಒಂದು ದಿನದ ದಾಖಲೆಯೋ?

ಮಾನ್ಯರೇ,

ದಾವಣಗೆರೆಯ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳ ಕಿರುಸಂಶೋಧನೆಗೆ ಬೇಕಾದ ಮಾಹಿತಿ ಪತ್ರವನ್ನೂ ಒಪ್ಪಿಗೆ ಪತ್ರವನ್ನೂ ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಹೆಂಗಸರ ಇಪ್ಪತ್ತನಾಲ್ಕು ಗಂಟೆಗಳು ಯಾವ ಯಾವ ಕೆಲಸಕ್ಕೆ ಹೋಗುತ್ತವೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು, ಬಳಿಕ ಅದೇ ದಿನ ಅವರ ಕೊರಳಲ್ಲಿದ್ದ ಪುಟ್ಟ ಕ್ಯಾಮೆರಾ ತಾನಾಗಿ ತೆಗೆದ ಚಿತ್ರಗಳೊಡನೆ ಆ ಬರಹವನ್ನು ಹೋಲಿಸಿ ನೋಡುವುದು ಅವಳ ಉದ್ದೇಶ. ಆ ಬರಹಕ್ಕೆ ಅವಳು ‘ದಿನಚರಿ’ ಎಂದು ಹೆಸರಿಟ್ಟಿದ್ದಾಳೆ. ಆ ಹೆಸರಿನ ಬಗ್ಗೆ ನನಗೆ ಗಂಭೀರವಾದ ಅನುಮಾನವಿದ್ದು, ತಿಳಿದವರ ಅಭಿಪ್ರಾಯ ಬೇಡುತ್ತಿದ್ದೇನೆ.

ನಮ್ಮ ದೇಶದಲ್ಲಿ ಇಂಥ ಲೆಕ್ಕ ಸರ್ಕಾರದ ಮಟ್ಟದಲ್ಲಿಯೇ ನಡೆದಿದೆ. 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ನಡೆದ ಸಮಯ ಬಳಕೆ ಸಮೀಕ್ಷೆಯು 2019ರಲ್ಲಿ ಮೊದಲ ಬಾರಿಗೆ ದೇಶದುದ್ದಕ್ಕೂ ನಡೆದು, 2024ರಲ್ಲಿ ಮತ್ತೆ ನಡೆಯಿತು. ಆಯ್ದ ಕುಟುಂಬಗಳಲ್ಲಿ ಆರು ವರ್ಷ ತುಂಬಿದ ಎಲ್ಲರನ್ನೂ, ಹಿಂದಿನ ದಿನದ ನಸುಕಿನ ನಾಲ್ಕು ಗಂಟೆಯಿಂದ ಭೇಟಿಯ ದಿನದ ನಸುಕಿನ ನಾಲ್ಕರವರೆಗೆ ಏನೇನು ಮಾಡಿದಿರಿ ಎಂದು ಕೇಳಿ, ಅರ್ಧರ್ಧ ಗಂಟೆಯ ಅಂಕಣಗಳಲ್ಲಿ ತುಂಬಿಕೊಳ್ಳುವುದು ಅದರ ಕ್ರಮ. ಇಲ್ಲಿ ಬೇಕಾಗಿರುವುದು ನಿರ್ದಿಷ್ಟವಾದ ಒಂದು ದಿನ, ಆ ದಿನದಲ್ಲಿ ನಿಜವಾಗಿ ನಡೆದದ್ದು. ‘ದಿನಚರಿ’ ಎಂಬ ಪದ ಅದನ್ನು ಕೇಳುತ್ತದೆಯೇ?

ಪ್ರಶ್ನೆಗಳನ್ನು ಒಮ್ಮೆ ಪರೀಕ್ಷಿಸಿ ನೋಡೋಣವೆಂದು ವಿದ್ಯಾರ್ಥಿನಿಯ ಜೊತೆ ನಾನೂ ಒಂದು ಮನೆಗೆ ಹೋಗಿದ್ದೆ. “ನಿಮ್ಮ ದಿನಚರಿ ಹೇಳಿ ಅಕ್ಕಾ” ಎಂದು ಅವಳು ಕೇಳಿದಾಗ ಬಂದ ಉತ್ತರ ಇದು: “ನಾಲ್ಕೂವರೆಗೆ ಏಳ್ತೀನಿ, ಕಸ ಹೊಡಿತೀನಿ, ನೀರು ಹಿಡಿತೀನಿ, ರೊಟ್ಟಿ ಬಡಿತೀನಿ, ಭಟ್ಟಿಗೆ ಹೋಗ್ತೀನಿ.” ಕೆಲಸಗಳೆಲ್ಲ ಒಂದರ ಹಿಂದೊಂದು, ತಡವರಿಸದೆ ಬಂದವು. ಆಮೇಲೆ ನಾನು, “ನಿನ್ನೆ ಎದ್ದಾಗಿನಿಂದ ಏನೇನಾಯ್ತು?” ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನೆ ನೀರೇ ಬರ್ಲಿಲ್ಲ ಕಣಣ್ಣ. ಕೊಡ ತಗಂಡು ಹಿಂದಿನ ಓಣಿಗೆ ಹೋದೆ. ಹುಡುಗನಿಗೆ ಜ್ವರ ಅಂತ ಆಸ್ಪತ್ರೆಗೆ ಕರ್ಕಂಡು ಹೋದೆ. ಭಟ್ಟಿಗೆ ಹೋಗೋ ಹೊತ್ತಿಗೆ ಮಧ್ಯಾಹ್ನ ಆತು” ಎಂದರು.

ಎರಡು ಉತ್ತರಗಳಲ್ಲಿನ ಕ್ರಿಯಾಪದಗಳನ್ನು ಗಮನಿಸಿ. ಮೊದಲನೆಯದರಲ್ಲಿ ‘ಏಳ್ತೀನಿ, ಹಿಡಿತೀನಿ’. ಎರಡನೆಯದರಲ್ಲಿ ‘ಹೋದೆ, ಬರಲಿಲ್ಲ’. ಕನ್ನಡದ ವರ್ತಮಾನ ರೂಪವು ಈಗ ನಡೆಯುತ್ತಿರುವುದನ್ನು ಹೇಳುವಂತೆಯೇ ಎಂದೆಂದಿನ ರೂಢಿಯನ್ನೂ ಹೇಳುತ್ತದೆ. ‘ದಿನಚರಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಹೇಳುವವರು ಆ ರೂಢಿಯ ರೂಪಕ್ಕೆ ತಿರುಗಿಕೊಳ್ಳುತ್ತಾರೆ. ಆ ಹೆಣ್ಣುಮಗಳು ಸುಳ್ಳು ಹೇಳಲಿಲ್ಲ, ಮರೆಯಲೂ ಇಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದರು. ಆದರೆ ಅಂದು ಅವರ ಕೊರಳಲ್ಲಿ ಕ್ಯಾಮೆರಾ ಇದ್ದಿದ್ದರೆ ಅದರಲ್ಲಿ ಆಸ್ಪತ್ರೆಯ ಬೆಂಚು ಕಾಣುತ್ತಿತ್ತು, ಬರಹದಲ್ಲಿ ಭಟ್ಟಿ ಕಾಣುತ್ತಿತ್ತು. ವರದಿ ಬರೆಯುವವರು ‘ಉತ್ತರದಾರರ ನೆನಪು ನಿಖರವಲ್ಲ’ ಎಂದು ತೀರ್ಮಾನಿಸಿಬಿಡುತ್ತಿದ್ದರು. ತಪ್ಪು ಪ್ರಶ್ನೆಯ ಪದದಲ್ಲಿರುವಾಗ ಅದರ ಹೊರೆಯನ್ನು ಹೇಳಿದವರ ಮೇಲೆ ಹೊರಿಸುವುದು ನನಗೆ ಅನ್ಯಾಯವೆನಿಸುತ್ತದೆ.

ಪದದ ಹಿನ್ನೆಲೆಯೂ ಇದನ್ನೇ ತೋರಿಸುತ್ತದೆ. ಆಯುರ್ವೇದದ ‘ಅಷ್ಟಾಂಗಹೃದಯ’ದಲ್ಲಿ ಸೂತ್ರಸ್ಥಾನದ ಎರಡನೆಯ ಅಧ್ಯಾಯದ ಹೆಸರು ದಿನಚರ್ಯೆ, ಅಲ್ಲಿ ಅದು ದಿನವೂ ಹೇಗೆ ನಡೆದುಕೊಳ್ಳಬೇಕೆಂಬ ವಿಧಿ. ಆಡುಮಾತಿನಲ್ಲಿ ಅದು ದಿನವೂ ಹೇಗೆ ನಡೆದುಕೊಳ್ಳುತ್ತೇವೆಂಬ ರೂಢಿಯಾಯಿತು. ಪೊಲೀಸರ ‘ಠಾಣಾ ದಿನಚರಿ’ಯಲ್ಲಿ, ಹೊಸ ವರ್ಷಕ್ಕೆ ಅಚ್ಚಾಗಿ ಬರುವ ದಿನಚರಿ ಪುಸ್ತಕದಲ್ಲಿ ಮಾತ್ರ ಅದಕ್ಕೆ ಆಯಾ ದಿನದ ದಾಖಲೆ ಎಂಬ ಅರ್ಥವಿದೆ. ಓದುಬರಹ ಬಲ್ಲವರಿಗೆ ಈ ಮೂರನೆಯ ಅರ್ಥ ಸಹಜವಾಗಿ ಹೊಳೆಯಬಹುದು. ಪುಸ್ತಕ ಇಡುವ ಅಭ್ಯಾಸವಿಲ್ಲದವರಿಗೆ ಹೊಳೆಯುವುದು ಎರಡನೆಯದೇ.

ಪರ್ಯಾಯವಾಗಿ ನನಗೆ ತೋಚಿದ್ದು ವರ್ತಕರ ಭಾಷೆ. ದಾವಣಗೆರೆ ಹತ್ತಿಯ, ದವಸದ ವ್ಯಾಪಾರದಿಂದ ಬೆಳೆದ ಊರು. ಹಳೆಯ ಅಂಗಡಿಗಳಲ್ಲಿ ಆಯಾ ದಿನದ ವ್ಯವಹಾರ ನಡೆದ ಕ್ರಮದಲ್ಲಿಯೇ ಮೊದಲು ಕಿರ್ದಿ ಎಂಬ ದಿನದ ಲೆಕ್ಕದ ಪುಸ್ತಕಕ್ಕೆ ಏರಿ, ಅಲ್ಲಿಂದ ಒಬ್ಬೊಬ್ಬ ಆಸಾಮಿಯ ಹೆಸರಿನ ಖಾತೆಗೆ ಹೋಗುತ್ತಿತ್ತು. ಕಿರ್ದಿಯಲ್ಲಿ ‘ಸಾಮಾನ್ಯವಾಗಿ ಹೀಗೆ ಮಾರುತ್ತೇವೆ’ ಎಂದು ಬರೆಯಲು ಜಾಗವೇ ಇಲ್ಲ. ‘ಕೆಲಸದ ಕಿರ್ದಿ’ ಎಂದರೆ ಅರ್ಥ ಖಚಿತವಾಗುತ್ತದೆ, ಆದರೆ ಈಗಿನ ಹುಡುಗರಿಗೆ ಆ ಪದ ದೂರವಾಗಿದೆ. ಅದೇ ಅರ್ಥದ ‘ದಿನವಹಿ’ಯನ್ನು ಬಳಸೋಣವೆಂದರೆ, ಅದರಲ್ಲಿ ‘ದಿನಂಪ್ರತಿ’ ಎಂಬ ಅರ್ಥವೂ ಸೇರಿಕೊಂಡಿರುವುದರಿಂದ ಮೊದಲಿನ ತೊಡಕೇ ಹಿಂದಿರುಗುತ್ತದೆ. ಸದ್ಯಕ್ಕೆ ‘ಒಂದು ದಿನದ ಕೆಲಸದ ಲೆಕ್ಕ’ ಎಂದು ಬರೆದಿಟ್ಟಿದ್ದೇನೆ. ಇಲ್ಲಿಯೂ ‘ಕೆಲಸ’ ಎಂಬುದು ತೊಡಕು. ನಮ್ಮ ಕಡೆ ಹಲವರಿಗೆ ಕೆಲಸವೆಂದರೆ ಕೂಲಿ ಸಿಗುವಂಥದ್ದು, ಕಸಮುಸುರೆ ‘ಮನೆ ಬದುಕು’. ‘ಕೆಲಸ ಮತ್ತು ಬದುಕು’ ಎಂದು ಎರಡನ್ನೂ ಸೇರಿಸಿದರೆ ಓದುವವರಿಗೆ ಅತಿಯಾಯಿತೆನಿಸೀತೇ?

ಕ್ಯಾಮೆರಾದ ವಿಷಯಕ್ಕೆ ಬರುತ್ತೇನೆ. ಉಡುವುದು ಸೀರೆ, ತೊಡುವುದು ಅಂಗಿ, ಮುಡಿಯುವುದು ಹೂವು, ಮೆಟ್ಟುವುದು ಚಪ್ಪಲಿ. ಕ್ಯಾಮೆರಾವನ್ನು ಏನು ಮಾಡುವುದು? ವಿದ್ಯಾರ್ಥಿನಿ ‘ಕ್ಯಾಮೆರಾ ಧಾರಣೆ’ ಎಂದು ಬರೆದಿದ್ದಳು. ಚನ್ನಗಿರಿಯ ಅಡಿಕೆ ಬೆಳೆಗಾರರು ನಿತ್ಯ ನೋಡುವ ‘ಧಾರಣೆ’ ಪೇಟೆಯ ದರವಾದ್ದರಿಂದ ಅದು ಕ್ಯಾಮೆರಾದ ಬೆಲೆ ಎಂದೇ ಓದಿಸಿಕೊಳ್ಳುತ್ತದೆ. ‘ಕೊರಳಿಗೆ ಹಾಕಿಕೊಳ್ಳುವ ಕ್ಯಾಮೆರಾ’ ಎಂಬ ಸರಳ ಮಾತೇ ನನಗೆ ಹಿತ.

ಹೆಚ್ಚು ಯೋಚಿಸಬೇಕಾದದ್ದು ಹೋಲಿಕೆಯ ಪದ. ಕರಡಿನಲ್ಲಿ ‘ತಪಾಸಣೆ’ ಎಂದಿದೆ. ತಪಾಸಣೆ ನಡೆಯುವುದು ಅನುಮಾನವಿರುವ ಕಡೆ. ಆ ಪದ ಓದಿದವರು ತಮ್ಮ ಮಾತನ್ನು ನಂಬುತ್ತಿಲ್ಲವೆಂದು ತಿಳಿಯುತ್ತಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಇದೇ ವಿಧಾನದ ಅಧ್ಯಯನಗಳು ನಡೆದಾಗ, ಭಾಗವಹಿಸಿದವರು ತಮ್ಮ ಚಿತ್ರಗಳನ್ನು ತಾವೇ ಮೊದಲು ನೋಡಿ, ಬೇಡವಾದವನ್ನು ಅಳಿಸಬಹುದಿತ್ತು. ಉಳಿದ ಚಿತ್ರಗಳನ್ನು ಮುಂದಿಟ್ಟುಕೊಂಡು ಅವರೊಡನೆಯೇ ಮಾತನಾಡಿ ಆ ದಿನವನ್ನು ಮತ್ತೆ ಕಟ್ಟಲಾಯಿತು. ಗುಂಪಿನ ಸರಾಸರಿಯಲ್ಲಿ ಬರಹವೂ ಚಿತ್ರವೂ ಬಹುಮಟ್ಟಿಗೆ ಹೊಂದಿಕೊಂಡವು, ಒಬ್ಬೊಬ್ಬರ ಲೆಕ್ಕದಲ್ಲಿ ಅಂತರ ಹೆಚ್ಚಿತ್ತು. ಕ್ಯಾಮೆರಾಕ್ಕೂ ಎಲ್ಲವೂ ಕಾಣುವುದಿಲ್ಲ: ಸೆರಗು ಅಡ್ಡ ಬಂದರೆ ಚಿತ್ರವಿಲ್ಲ, ಒಲೆಯ ಮುಂದೆ ಕುಳಿತವರು ಕಾಯುತ್ತಿದ್ದಾರೋ ದಣಿವಾರಿಸಿಕೊಳ್ಳುತ್ತಿದ್ದಾರೋ ಅದಕ್ಕೆ ತಿಳಿಯದು. ಎರಡು ದಾಖಲೆಗಳನ್ನು ಸರಿಸಮವಾಗಿ ಎದುರುಬದುರು ಇಡುವ ಈ ಕೆಲಸಕ್ಕೆ ‘ತಾಳೆ ನೋಡುವುದು’ ಎಂಬ ನಮ್ಮ ಮಾತು ಹೊಂದುತ್ತದೆ ಎಂದು ನನ್ನ ಎಣಿಕೆ. ತಾಳೆ ಬೀಳದಿದ್ದರೆ ಯಾವ ಕಡೆಯೂ ತಪ್ಪಿರಬಹುದು.

ಹಾಗಾಗಿ ಒಪ್ಪಿಗೆ ಪತ್ರದ ಮುಖ್ಯ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: “ನಿನ್ನೆ ನೀವು ಎದ್ದಾಗಿನಿಂದ ಇಂದು ಏಳುವವರೆಗೆ ಮಾಡಿದ ಕೆಲಸ, ಬದುಕು, ವಿಶ್ರಾಂತಿ ಎಲ್ಲದರ ಲೆಕ್ಕವನ್ನು ನೀವು ಹೇಳಿದಂತೆ ಬರೆದುಕೊಂಡು, ನಿಮ್ಮ ಕೊರಳಲ್ಲಿದ್ದ ಕ್ಯಾಮೆರಾದ ಚಿತ್ರಗಳೊಡನೆ ನಿಮ್ಮ ಎದುರಿಗೇ ತಾಳೆ ನೋಡುತ್ತೇವೆ.” ಈ ವಾಕ್ಯದಲ್ಲಿ ‘ಬದುಕು’ ಎಂಬುದು ದಾವಣಗೆರೆಯ ಆಚೆ, ಮುಖ್ಯವಾಗಿ ಹೊಸದುರ್ಗ, ಹಿರಿಯೂರುಗಳ ಕಡೆ ಮನೆಗೆಲಸವೆಂದೇ ಅರ್ಥವಾಗುತ್ತದೆಯೇ, ಆ ಕಡೆಯವರು ದಯವಿಟ್ಟು ತಿಳಿಸಬೇಕು.